ಕಾಫಿ ಮಗ್ ಕೊಳ್ಳುವವರು ಮೊದಲು ಮುಚ್ಚಳ ನೋಡಲಿ

ಪಾತ್ರೆ ಅಂಗಡಿಯ ಕಪಾಟಿನಲ್ಲಿರಲಿ, ಮೊಬೈಲಿನ ಪರದೆಯ ಮೇಲಿರಲಿ, ಕಾಫಿ ಒಯ್ಯುವ ಮಗ್‌ಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಒಂದೇ ಮಾತು: ಇಷ್ಟು ಗಂಟೆ ಬಿಸಿ, ಇಷ್ಟು ಗಂಟೆ ತಂಪು. ಆರು ಗಂಟೆಯದಕ್ಕಿಂತ ಹನ್ನೆರಡು ಗಂಟೆಯದು ಮೇಲು, ಹನ್ನೆರಡಕ್ಕಿಂತ ಇಪ್ಪತ್ನಾಲ್ಕರದು ಇನ್ನೂ ಮೇಲು ಎಂದು ಕೊಳ್ಳುವವರು ನಂಬುತ್ತಾರೆ. ಬೆಲೆಯೂ ಅದೇ ಮೆಟ್ಟಿಲು ಹತ್ತುತ್ತದೆ. ಆದರೆ ಬೆಳಿಗ್ಗೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಬೆರೆಸಿದ ಕಾಫಿಯನ್ನು ಹನ್ನೆರಡು ಗಂಟೆಯ ನಂತರ ಕುಡಿಯುವವರು ಯಾರು? ಹೆಬ್ಬಾಳದ ಟ್ರಾಫಿಕ್ ಎಷ್ಟೇ ಕಾಡಿಸಿದರೂ ರಾತ್ರಿ ಏಳಕ್ಕೆ ಆಫೀಸು ಮುಟ್ಟಿಸುವುದಿಲ್ಲ. ನಮ್ಮ ಕಾಫಿ ಹಾಲು ಬೆರೆತದ್ದು, ನಮ್ಮ ಪ್ರಯಾಣ ಒಂದೆರಡು ಗಂಟೆಯದ್ದು, ಅದೂ ಬಹುಮಟ್ಟಿಗೆ ಸ್ಕೂಟರ್ ಅಥವಾ ಬಸ್ಸಿನದ್ದು. ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಗ್‌ನ ಯೋಗ್ಯತೆ ತೀರ್ಮಾನವಾಗುವುದು ಅದರ ಗೋಡೆಯಲ್ಲಲ್ಲ, ಮುಚ್ಚಳದಲ್ಲಿ. ಬಿಸಿ ಸೋರುವುದು ಅಲ್ಲಿ, ಕಾಫಿ ಸೋರುವುದು ಅಲ್ಲಿ, ವಾಸನೆ ಹುಟ್ಟುವುದು ಅಲ್ಲಿ, ಕೈ ಸುಡುವುದೂ ಅಲ್ಲಿಯೇ.

ಈ ಪ್ರಯಾಣ ಎಂಥದ್ದು ಎಂಬುದನ್ನು ಮೊದಲು ನೋಡಬೇಕು. ಜಾಲಹಳ್ಳಿಯ ಆಸುಪಾಸಿನಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದ ಮೇಲೆ ಈ ಭಾಗ ಬೆಳೆಯಿತು. ವಿದ್ಯಾರಣ್ಯಪುರದ ಒಳಗಿರುವ ಬಿಇಎಲ್ ಲೇಔಟ್ ಹೆಸರಿನಲ್ಲೇ ಆ ನಂಟನ್ನು ಹೇಳುತ್ತದೆ. ಕಾರ್ಖಾನೆ ಮನೆಗೆ ಹತ್ತಿರವಿದ್ದವರಿಗೆ ಕಾಫಿ ಹೊತ್ತೊಯ್ಯುವ ಗೊಡವೆ ಇರಲಿಲ್ಲ. ಈಗ ಅದೇ ಬೀದಿಗಳಿಂದ ಒಬ್ಬರು ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೆ, ಇನ್ನೊಬ್ಬರು ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆಗೆ, ಮತ್ತೊಬ್ಬರು ಊರಿನ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ ಸಿಟಿಗೆ ಹೊರಡುತ್ತಾರೆ. ಬಿಇಎಲ್ ಸರ್ಕಲ್‌ನಿಂದ ಹೊರ ವರ್ತುಲ ರಸ್ತೆ ಹಿಡಿದವರಿಗೆ ಹೆಬ್ಬಾಳ ಮೇಲ್ಸೇತುವೆ ತಪ್ಪಿದ್ದಲ್ಲ. ಸ್ಕೂಟರ್ ಓಡಿಸುವವರು ದಾರಿಯಲ್ಲಿ ಕಾಫಿ ಹೀರಲಾರರು. ನಿಂತು ಪ್ರಯಾಣಿಸುವ ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ಚೀಲಕ್ಕೆ. ಯಶವಂತಪುರಕ್ಕೋ ಗೊರಗುಂಟೆಪಾಳ್ಯಕ್ಕೋ ಹೋಗಿ ಮೆಟ್ರೊ ಹತ್ತಿದರೆ ರೈಲಿನೊಳಗೆ ತಿನ್ನುವುದು ಕುಡಿಯುವುದು ನಿಷಿದ್ಧ. ಅಂದರೆ ಇಲ್ಲಿ ಮಗ್‌ನ ಕೆಲಸ ದಾರಿಯಲ್ಲಿ ಕುಡಿಸುವುದಲ್ಲ. ಚೀಲದೊಳಗೆ ಮಲಗಿ, ಹಂಪುಗಳ ಮೇಲೆ ಕುಲುಕಿ, ಆಫೀಸಿನ ಮೇಜು ಸೇರುವ ತನಕ ಒಂದು ಹನಿಯನ್ನೂ ಹೊರಬಿಡದಿರುವುದು. ಅಂಗಡಿಯಲ್ಲಿ ಸಿಗುವ ಬಹಳಷ್ಟು ಮಗ್‌ಗಳು ಹುಟ್ಟಿದ್ದು ಬೇರೆ ಬದುಕಿಗೆ. ಕಾರಿನಲ್ಲಿ ಸೀಟಿನ ಪಕ್ಕದ ಕುಳಿಯಲ್ಲಿ ನೆಟ್ಟಗೆ ನಿಂತು, ಸಿಗ್ನಲ್ಲಿನಲ್ಲಿ ಒಂದು ಗುಟುಕು ಕೊಡುವುದು ಅವುಗಳ ಕಸುಬು. ಮುಚ್ಚಳದ ರೂಪ ಬೇರೆಯಾಗಿರುವುದು ಈ ಕಾರಣಕ್ಕೆ.

ಗೋಡೆಯ ವಿಷಯಕ್ಕೆ ಬಂದರೆ, ಅದು ಒಂದು ಶತಮಾನದ ಹಿಂದೆಯೇ ಬಗೆಹರಿದ ಸಮಸ್ಯೆ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂಯರ್ 1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎರಡು ಗೋಡೆಯ ಪಾತ್ರೆ ಮಾಡಿ, ನಡುವಿನ ಗಾಳಿ ತೆಗೆದ. ಅವನಿಗೆ ಬೇಕಿದ್ದುದು ಅತಿ ತಂಪಿನ ದ್ರವ ಅನಿಲಗಳನ್ನು ಕಾಯ್ದಿಡುವ ಪಾತ್ರೆ, ಕಾಫಿಯದಲ್ಲ. ಅದನ್ನು ಮನೆಬಳಕೆಗೆ ತಂದವರು ಬರ್ಲಿನ್ನಿನ ಗಾಜಿನ ಕುಶಲಕರ್ಮಿಗಳು. 1904ರಲ್ಲಿ ಅದಕ್ಕೆ ಥರ್ಮೋಸ್ ಎಂಬ ಹೆಸರು ಬಂತು. ಪೂರ್ತಿ ಉಕ್ಕಿನ ನಿರ್ವಾತ ಬಾಟಲಿಯನ್ನು 1913ರಲ್ಲಿ ತಂದವನು ಅಮೆರಿಕದ ವಿಲಿಯಂ ಸ್ಟ್ಯಾನ್ಲಿ. ತತ್ವ ಇಂದಿಗೂ ಅದೇ. ಶಾಖ ಸಾಗುವುದಕ್ಕೆ ಮೂರು ದಾರಿ: ವಸ್ತುವಿನ ಮೂಲಕ, ಗಾಳಿಯ ಚಲನೆಯ ಮೂಲಕ, ವಿಕಿರಣದ ಮೂಲಕ. ಎರಡು ಗೋಡೆಗಳ ನಡುವೆ ಗಾಳಿಯೇ ಇಲ್ಲದಿದ್ದರೆ ಮೊದಲೆರಡು ದಾರಿಗಳು ಬಹುತೇಕ ಮುಚ್ಚುತ್ತವೆ; ಒಳಗೋಡೆಗೆ ಬೆಳ್ಳಿ ಅಥವಾ ತಾಮ್ರದ ಹೊಳಪು ಲೇಪನ ಕೊಟ್ಟರೆ ಮೂರನೆಯದೂ ಸೊರಗುತ್ತದೆ. ಸ್ಟೇನ್‌ಲೆಸ್ ಸ್ಟೀಲು ತಾಮ್ರ, ಅಲ್ಯೂಮಿನಿಯಂಗಳಷ್ಟು ಸಲೀಸಾಗಿ ಶಾಖ ಸಾಗಿಸುವುದಿಲ್ಲ. ಎರಡು ಗೋಡೆಗಳು ಒಂದಾಗುವ ಬಾಯಿಯ ಅಂಚಿನಲ್ಲಿ ಇದೂ ಅನುಕೂಲ. ಈ ಕೆಲಸವನ್ನು ಇಂದು ನೂರಾರು ರೂಪಾಯಿಯ ಮಗ್ಗೂ ಸಾವಿರಾರು ರೂಪಾಯಿಯ ಮಗ್ಗೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಮಾಡುತ್ತವೆ. ಆದರೆ ನಿಜವಾಗಿ ನಿರ್ವಾತವಿರುವ ಮಗ್‌ಗೂ, ನಡುವೆ ಬರೀ ಗಾಳಿಯಿರುವ ಜೋಡಿಗೋಡೆಯ ಮಗ್‌ಗೂ ವ್ಯತ್ಯಾಸ ದೊಡ್ಡದು. ಅದನ್ನು ಡಬ್ಬಿಯ ಮೇಲೆ ಓದಿ ಖಚಿತಪಡಿಸಿಕೊಳ್ಳಬೇಕು. ಅದಾದ ಮೇಲೆ ಗೋಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಂಥ ಗೋಡೆಯ ಪಾತ್ರೆಯಲ್ಲಿ ಶಾಖಕ್ಕೆ ಉಳಿಯುವ ಮುಖ್ಯ ಹಾದಿ ಮೇಲ್ಮುಖವಾದದ್ದು. ಬಹುತೇಕ ಮುಚ್ಚಳಗಳಲ್ಲಿ ನಿರ್ವಾತ ಇರುವುದಿಲ್ಲ. ಅವು ಪ್ಲಾಸ್ಟಿಕ್ಕಿನವು, ಹೆಚ್ಚೆಂದರೆ ಒಳಗೆ ಒಂದಿಷ್ಟು ಗಾಳಿ ಅಥವಾ ಫೋಮ್ ತುಂಬಿದವು. ಇನ್ನು ಕುಡಿಯುವ ಕಂಡಿ ಸರಿಯಾಗಿ ಮುಚ್ಚದಿದ್ದರೆ ನಷ್ಟ ಎಷ್ಟೆಂಬುದನ್ನು ಶಾಲೆಯ ಪಾಠದ ಲೆಕ್ಕವೇ ಹೇಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಶಾಖ ಬೇಕು. 250 ಮಿ.ಲೀ. ಕಾಫಿ ಒಂದು ಡಿಗ್ರಿ ಆರಲು ಕಳೆದುಕೊಳ್ಳಬೇಕಾದ ಶಾಖ ಸುಮಾರು 1,050 ಜೂಲ್. ಅಂದರೆ ಬರೀ ಒಂದು ಗ್ರಾಂ ಹಬೆ ಹೊರಬಿದ್ದರೆ ಇಡೀ ಮಗ್ ಎರಡು ಡಿಗ್ರಿಗೂ ಹೆಚ್ಚು ಆರುತ್ತದೆ. ಐದು ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು ಹೋದರೆ ಹತ್ತು ಡಿಗ್ರಿಯ ಮೇಲೆ. ಜಾರುವ ಮುಚ್ಚಳದ ಕಿರುಕಂಡಿಯಿಂದ ಸದ್ದಿಲ್ಲದೆ ನಡೆಯುವ ಈ ಸೋರಿಕೆಯನ್ನು ಎಂಥ ಗೋಡೆಯೂ ತುಂಬಿಕೊಡಲಾರದು. ಬಾಯಿ ಅಗಲವಾದಷ್ಟೂ ಮುಚ್ಚಳ ದೊಡ್ಡದಾಗುತ್ತದೆ, ನಷ್ಟವೂ ದೊಡ್ಡದಾಗುತ್ತದೆ. ಆದ್ದರಿಂದ ಅಗಲ ಬಾಯಿಯ ಇಪ್ಪತ್ನಾಲ್ಕು ಗಂಟೆಯ ಮಗ್‌ಗಿಂತ ಕಿರಿದಾದ ಬಾಯಿಯ, ತಿರುಪಿ ಬಿಗಿಯುವ ಮುಚ್ಚಳದ ಸಾದಾ ಫ್ಲಾಸ್ಕ್ ಎಷ್ಟೋ ಸಲ ಹೆಚ್ಚು ಬಿಸಿ ಕಾಯುತ್ತದೆ.

ಹಾಗಾದರೆ ಡಬ್ಬಿಯ ಮೇಲಿನ ಗಂಟೆಗಳಿಗೆ ಅರ್ಥವೇ ಇಲ್ಲವೇ? ಇದೆ, ಆದರೆ ಅದು ಪಾತ್ರೆ ತುಂಬ ಕುದಿಯುವ ಹದದ ನೀರು ಹಾಕಿ, ಭದ್ರವಾಗಿ ಮುಚ್ಚಿ, ನಡುವೆ ಒಮ್ಮೆಯೂ ತೆರೆಯದೆ ಅಳೆದ ಲೆಕ್ಕ. ಕೊನೆಯಲ್ಲಿ ‘ಬಿಸಿ’ ಎಂದರೆ ಎಷ್ಟು ಡಿಗ್ರಿ ಎಂಬುದನ್ನು ಹಲವು ಡಬ್ಬಿಗಳು ಹೇಳುವುದೇ ಇಲ್ಲ. ಜಪಾನಿನ ತಯಾರಕರ ರೂಢಿ ಇದಕ್ಕಿಂತ ಪ್ರಾಮಾಣಿಕ: 95 ಡಿಗ್ರಿಯ ನೀರು ಆರು ಗಂಟೆಯ ನಂತರ ಎಷ್ಟು ಡಿಗ್ರಿಯಲ್ಲಿರುತ್ತದೆ ಎಂದು ಮುದ್ರಿಸುತ್ತಾರೆ. ನಮ್ಮ ಕಾಫಿ 95ರಿಂದ ಹೊರಡುವುದೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಆರಿ ನಿಂತ ಒಂದು ಪಾಲು ಡಿಕಾಕ್ಷನ್ನಿಗೆ ಉಕ್ಕಿ ಬಂದ ಮೂರು ಪಾಲು ಹಾಲು ಬೆರೆಸಿದರೆ, ಎತ್ತಿ ಸುರಿದು ನೊರೆ ಬರಿಸುವ ಹೊತ್ತಿಗೆ, 75 ಡಿಗ್ರಿಯ ಆಸುಪಾಸಿನ ಕಾಫಿ ಸಿದ್ಧ. ಆರು ಗಂಟೆಯಲ್ಲಿ ನೀರನ್ನು 95ರಿಂದ 70ಕ್ಕೆ ಇಳಿಸುವ ಒಳ್ಳೆಯ ಮಗ್‌ಗೆ ಈ ಕಾಫಿಯನ್ನು ತುಂಬಿದರೆ, 20 ಡಿಗ್ರಿಯ ಬೆಳಗಿನಲ್ಲಿ ಒಂದೂವರೆ ಗಂಟೆಯ ನಂತರವೂ ಅದು 70ರ ಹತ್ತಿರ, ಮೂರು ಗಂಟೆಯ ನಂತರ 65ರ ಹತ್ತಿರ ಇರುತ್ತದೆ ಎಂಬುದು ಆರುವಿಕೆಯ ನಿಯಮದಿಂದ ಬರುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಬಹುಶಃ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಲ್ಲವು ಎಂಬ ವರ್ಗಕ್ಕೆ ಸೇರಿಸಿತು. ತಪ್ಪು ಕಾಫಿಯದ್ದಲ್ಲ, ಸುಡುವ ಬಿಸಿಯದ್ದು ಎಂದೂ ಸ್ಪಷ್ಟಪಡಿಸಿತು. ಒಟ್ಟಿನಲ್ಲಿ ವಿದ್ಯಾರಣ್ಯಪುರದಿಂದ ಮಾನ್ಯತಾ ತಲುಪುವವರಿಗೆ ಮಗ್ ಸಾಕಷ್ಟು ಬಿಸಿ ಕಾಯುವುದಿಲ್ಲ ಎಂಬುದು ಸಮಸ್ಯೆಯಲ್ಲ. ಕುಡಿಯಲಾಗದಷ್ಟು ಬಿಸಿ ಕಾಯುತ್ತದೆ ಎಂಬುದು ಸಮಸ್ಯೆ.

ಇದಕ್ಕೆ ಹಳೆಯ ಫ್ಲಾಸ್ಕಿನಲ್ಲಿ ಉತ್ತರವಿತ್ತು. ಆಸ್ಪತ್ರೆಗೆ, ರಾತ್ರಿ ಬಸ್ಸಿಗೆ, ಮದುವೆ ಛತ್ರಕ್ಕೆ ಮನೆಯಿಂದ ಕಾಫಿ ಒಯ್ಯುತ್ತಿದ್ದ ಆ ಗಾಜಿನ ಫ್ಲಾಸ್ಕಿಗೆ ಒಳಗೊಂದು ಬಿರಡೆ, ಮೇಲೊಂದು ಮುಚ್ಚಳ. ಆ ಮುಚ್ಚಳವೇ ಲೋಟ. ಬೇಕಾದಷ್ಟು ಬಗ್ಗಿಸಿಕೊಂಡರೆ ಲೋಟದ ಕಾಫಿ ಎರಡು ನಿಮಿಷದಲ್ಲಿ ಕುಡಿಯುವ ಹದಕ್ಕೆ ಬರುತ್ತದೆ, ಒಳಗಿನದು ಬಿಸಿಯಾಗಿಯೇ ಉಳಿಯುತ್ತದೆ. ಕಾಫಿಯನ್ನು ಸುರಿದು ಆರಿಸಿ ಕುಡಿಯುವುದು ನಮಗೆ ರೂಢಿಯೂ ಹೌದು, ರುಚಿಯೂ ಹೌದು. ಮಗ್‌ನ ಕಿರುಕಂಡಿಗೆ ತುಟಿಯಿಟ್ಟು ಹೀರುವಾಗ ಒಳಗಿನ ಬಿಸಿ ಎಷ್ಟೆಂಬುದು ನಾಲಿಗೆಗೆ ತಾಗುವ ತನಕ ಗೊತ್ತಾಗುವುದಿಲ್ಲ. ಪರಿಮಳವೂ ಮೂಗಿಗೆ ಸಿಗುವುದಿಲ್ಲ. ಗಾಜು ಒಡೆಯುತ್ತದೆ, ನಿಜ. ಆದರೆ ಅದೇ ವಿನ್ಯಾಸ ಇಂದು ಸ್ಟೀಲಿನಲ್ಲಿ, ಅರ್ಧ ಲೀಟರಿಗಿಂತ ಚಿಕ್ಕ ಅಳತೆಯಲ್ಲೂ ಸಿಗುತ್ತದೆ. ಮೇಜಿನ ಮುಂದೆ ಕುಳಿತ ಮೇಲೆ ಕುಡಿಯುವವರಿಗೆ ಹೊಸ ಮಗ್‌ಗಿಂತ ಈ ಹಳೆಯ ವಿನ್ಯಾಸವೇ ಒಪ್ಪುತ್ತದೆ.

ಸೋರಿಕೆಯ ಪ್ರಶ್ನೆ ಇನ್ನೂ ಗಂಭೀರ. ಚೆಲ್ಲದ ಮುಚ್ಚಳ ಬೇರೆ, ಸೋರದ ಮುಚ್ಚಳ ಬೇರೆ. ಮೊದಲನೆಯದು ಮಗ್ ಕೈಯಲ್ಲಿ ಅಲುಗಿದಾಗ ತುಳುಕದಂತೆ ತಡೆಯುತ್ತದೆ, ಅಷ್ಟೇ. ತಲೆಕೆಳಗಾದರೆ ಕಾಫಿ ಲ್ಯಾಪ್‌ಟಾಪಿನ ಮೇಲೆ. ಎರಡನೆಯದು ಸಿಲಿಕೋನ್ ರಿಂಗಿನ ಮೇಲೆ ತಿರುಪಿನಿಂದ ಒತ್ತಿ ಕೂರುವಂಥದ್ದು. ಆದರೆ ಬಿಗಿ ಮುಚ್ಚಳಕ್ಕೂ ತನ್ನದೇ ಅಪಾಯವಿದೆ. 75 ಡಿಗ್ರಿಯ ನೀರಿನ ಆವಿಗೆ ವಾಯುಮಂಡಲದ ಒತ್ತಡದ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಒತ್ತಡವಿರುತ್ತದೆ. ಮುಚ್ಚಿದ ಜಾಗದಲ್ಲಿ, ಅದರಲ್ಲೂ ಸ್ಕೂಟರಿನ ಮೇಲೆ ಕುಲುಕಿದಾಗ, ಅದು ಒಳಗೆ ಸೇರುತ್ತದೆ. ಗುಂಡಿ ಒತ್ತಿದೊಡನೆ ಪಟ್ಟನೆ ತೆರೆಯುವ ಮುಚ್ಚಳವಾದರೆ ಬಿಸಿ ಹನಿಗಳು ಮುಖಕ್ಕೆ ಸಿಡಿಯುತ್ತವೆ. ಮೆಲ್ಲನೆ ತಿರುಪಿ ಬಿಚ್ಚುವ ಮುಚ್ಚಳ ಒತ್ತಡವನ್ನು ಮೊದಲು ಬಿಟ್ಟು, ಆಮೇಲೆ ತೆರೆದುಕೊಳ್ಳುತ್ತದೆ. ಇದು ಅತಿ ಎಚ್ಚರದ ಮಾತೆನ್ನುವವರು 2024ರ ಡಿಸೆಂಬರಿನಲ್ಲಿ ನಡೆದದ್ದನ್ನು ನೆನೆಯಬಹುದು. ಉಕ್ಕಿನ ಫ್ಲಾಸ್ಕಿಗೆ ಹೆಸರುವಾಸಿಯಾದ ಸ್ಟ್ಯಾನ್ಲಿ ಕಂಪನಿಯೇ ತನ್ನ ಎರಡು ಮಾದರಿಯ ಪ್ರಯಾಣದ ಮಗ್‌ಗಳನ್ನು, ಅಮೆರಿಕ ಒಂದರಲ್ಲೇ ಸುಮಾರು 26 ಲಕ್ಷ, ಹಿಂದಕ್ಕೆ ಕರೆಯಿತು. ಗೋಡೆ ಕೆಟ್ಟಿರಲಿಲ್ಲ, ನಿರ್ವಾತ ಹೋಗಿರಲಿಲ್ಲ. ಬಿಸಿಗೂ ತಿರುಪಿನ ಎಳೆತಕ್ಕೂ ಸಿಕ್ಕಿ ಮುಚ್ಚಳದ ಮರೆಗಳು ಕುಗ್ಗಿ, ಬಳಸುವಾಗ ಮುಚ್ಚಳ ಕಳಚಿಬೀಳುತ್ತಿತ್ತು. ಜಗತ್ತಿನಾದ್ಯಂತ 38 ಮಂದಿಗೆ ಸುಟ್ಟ ಗಾಯಗಳಾದದ್ದು ವರದಿಯಾಗಿತ್ತು. ನೂರು ವರ್ಷಕ್ಕೂ ಮೀರಿ ಹಳೆಯ ಹೆಸರಿನ ಪಾತ್ರೆಯೂ ಸೋತದ್ದು ಮುಚ್ಚಳದಲ್ಲಿ.

ಇನ್ನು ಹಾಲು. ಮಗ್‌ಗಳ ಬಗ್ಗೆ ಹೊರದೇಶದಿಂದ ಬರುವ ಸಲಹೆಗಳಲ್ಲಿ ಬಹಳಷ್ಟು ಕಪ್ಪು ಕಾಫಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ನಮ್ಮ ಫಿಲ್ಟರ್ ಕಾಫಿಯಲ್ಲಿ ಮುಕ್ಕಾಲು ಪಾಲು ಹಾಲು, ಜೊತೆಗೆ ಸಕ್ಕರೆ. ಹಾಲಿನ ಕೊಬ್ಬು, ಪ್ರೋಟೀನು, ಕೆನೆ ಎಲ್ಲವೂ ಹೋಗಿ ಕೂರುವುದು ರಿಂಗಿನ ಹಿಂದಿನ ಸಂದಿಯಲ್ಲಿ, ಜಾರುವ ಕಂಡಿಯ ಒಳಮೈಯಲ್ಲಿ, ಗುಂಡಿಯ ಸ್ಪ್ರಿಂಗಿನ ಸುತ್ತ. ಕುಕ್ಕರಿನ ಗ್ಯಾಸ್ಕೆಟ್ಟನ್ನು ದಿನವೂ ಬಿಚ್ಚಿ ತೊಳೆಯುವ ಮನೆಯಲ್ಲೇ ಮಗ್‌ನ ರಿಂಗನ್ನು ತಿಂಗಳುಗಟ್ಟಲೆ ಮುಟ್ಟದಿರುವುದುಂಟು, ಏಕೆಂದರೆ ಅದು ಬಿಚ್ಚಬರುತ್ತದೆ ಎಂದೇ ತಿಳಿದಿರುವುದಿಲ್ಲ. ಕೆಲವು ಮುಚ್ಚಳಗಳಲ್ಲಿ ಬಿಚ್ಚಲು ಬರುವುದೂ ಇಲ್ಲ. ಎರಡು ವಾರದಲ್ಲಿ ಹುಳಿ ವಾಸನೆ ಬಂದಾಗ ಜನ ದೂರುವುದು ಸ್ಟೀಲನ್ನು. ಆರೋಗ್ಯದ ದೃಷ್ಟಿಯಿಂದಲೂ ಇದು ಸಣ್ಣ ಮಾತಲ್ಲ. ಹಾಲು ಕುದಿಸಿದರೂ ಬೆಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾಗಳ ಬೀಜಾಣುಗಳು ಸಾಯುವುದಿಲ್ಲ. 60 ಡಿಗ್ರಿಗಿಂತ ಮೇಲಿರುವಷ್ಟು ಹೊತ್ತು ಅವು ಬೆಳೆಯಲಾರವು, ಅದಕ್ಕಿಂತ ಇಳಿದು ಉಗುರುಬೆಚ್ಚಗಾದಾಗ ಅವುಗಳಿಗೆ ಸುಗ್ಗಿ. ಬೆಳಿಗ್ಗೆ ಅರ್ಧ ಕುಡಿದು ಉಳಿಸಿದ ಹಾಲಿನ ಕಾಫಿಯನ್ನು ‘ಇನ್ನೂ ಬೆಚ್ಚಗಿದೆ’ ಎಂದು ನಾಲ್ಕು ಗಂಟೆಗೆ ಕುಡಿಯುವುದು ಆದ್ದರಿಂದ ಒಳ್ಳೆಯದಲ್ಲ. ಹನ್ನೆರಡು ಗಂಟೆ ಬಿಸಿಯೆಂಬ ಬರಹ ಪ್ರೋತ್ಸಾಹಿಸುವುದು ಇದೇ ಅಭ್ಯಾಸವನ್ನು. ಮಧ್ಯಾಹ್ನಕ್ಕೂ ಕಾಫಿ ಬೇಕೆನ್ನುವವರು ಗಟ್ಟಿ ಡಿಕಾಕ್ಷನ್ನನ್ನು ಮಾತ್ರ ಚಿಕ್ಕ ಸ್ಟೀಲ್ ಬಾಟಲಿಯಲ್ಲಿ ಒಯ್ದು, ಆಫೀಸಿನ ಪ್ಯಾಂಟ್ರಿಯಲ್ಲಿ ಬಿಸಿ ಹಾಲು ಬೆರೆಸಿಕೊಳ್ಳುವುದು ರುಚಿಗೂ ಹೊಟ್ಟೆಗೂ ಮೇಲು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಮುಚ್ಚಳಕ್ಕಿಂತ ಮುಖ್ಯ ಸ್ಟೀಲಿನ ದರ್ಜೆಯಲ್ಲವೇ? ದರ್ಜೆ ಮುಖ್ಯವೇ. 304 ಎಂದು ಕರೆಯುವ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಡಬ್ಬಿಯ ಮೇಲೆ 18/8 ಎಂದು ಬರೆಯುವುದು ಇದನ್ನೇ. ಅಗ್ಗದ 201, 202 ದರ್ಜೆಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ತುಕ್ಕು ತಡೆಯುವ ಶಕ್ತಿ ಅವುಗಳಿಗೆ ಕಡಿಮೆ. ಆದರೆ ಗ್ರಾಹಕರು ಅಂಗಡಿಯಲ್ಲಿ ನಿಂತು ಇದನ್ನು ಪರೀಕ್ಷಿಸಲಾರರು. ಅಯಸ್ಕಾಂತ ಅಂಟದಿದ್ದರೆ ಅಸಲಿ 304 ಎಂಬ ನಂಬಿಕೆ ತಪ್ಪು. 202ಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನೆಚ್ಚಬಹುದಾದದ್ದು ಸರ್ಕಾರದ ಗುರುತು. ಮನೆಬಳಕೆಯ ಇನ್ಸುಲೇಟೆಡ್ ಫ್ಲಾಸ್ಕ್, ಬಾಟಲಿ, ಡಬ್ಬಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದ್ದು, ಇವುಗಳ ಮೇಲೆ ಐಎಸ್‌ಐ ಮುದ್ರೆ ಹುಡುಕುವುದು ಗ್ರಾಹಕರ ಹಕ್ಕು. ಮುದ್ರೆ ಇರುವ ಎರಡು ಮಗ್‌ಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದಾಗ ಸ್ಟೀಲಿನ ವ್ಯತ್ಯಾಸ ಕೈಗೆ ಸಿಗುವುದಿಲ್ಲ, ಮುಚ್ಚಳದ ವ್ಯತ್ಯಾಸ ಕೈಗೂ ಕಣ್ಣಿಗೂ ಸಿಗುತ್ತದೆ.

ಎರಡನೆಯ ಆಕ್ಷೇಪ ಕಾರು ಓಡಿಸುವವರದು. ತಿರುಪು ಮುಚ್ಚಳಕ್ಕೆ ಎರಡು ಕೈ ಬೇಕು, ಸ್ಟಿಯರಿಂಗ್ ಬಿಡುವುದು ಹೇಗೆ? ಒಂದೇ ಕೈಯಲ್ಲಿ ತೆರೆಯುವ ಮುಚ್ಚಳ ಅವರಿಗೆ ಅನುಕೂಲ ಎಂಬುದನ್ನು ಒಪ್ಪಬೇಕು. ಆದರೆ ಅವರೂ ಮುಚ್ಚಳ ನೋಡಿಯೇ ಕೊಳ್ಳಬೇಕು ಎಂಬುದು ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ: ಗುಂಡಿಗೆ ಬೇರೆ ಬೀಗವಿದೆಯೇ, ತೆರೆದಾಗ ಮೊದಲು ಹಬೆ ಹೋಗುವ ಚಿಕ್ಕ ರಂಧ್ರವಿದೆಯೇ, ಒಳಭಾಗ ಬಿಚ್ಚಿ ತೊಳೆಯಲು ಬರುತ್ತದೆಯೇ ಎಂದು. ಗಾತ್ರದಲ್ಲೂ ಇದೇ ವಿವೇಕ ಬೇಕು. ದೊಡ್ಡದು ಕೊಂಡರೆ ನೀರಿಗೂ ಆಗುತ್ತದೆ ಎಂದು ಅರ್ಧ ಲೀಟರಿನದನ್ನು ತಂದು, ಅದರಲ್ಲಿ ಒಂದು ಲೋಟ ಕಾಫಿ ಹಾಕಿದರೆ ಮೇಲಿನ ಖಾಲಿ ಜಾಗ ಹಬೆಗೆ ಆಟದ ಬಯಲು. ತಣ್ಣಗಿನ ಒಳಗೋಡೆಯೇ ಸ್ವಲ್ಪ ಕಾಫಿಯ ಬಿಸಿಯನ್ನು ಮೂರು ನಾಲ್ಕು ಡಿಗ್ರಿಯಷ್ಟು ಕುಡಿದುಬಿಡಬಲ್ಲದು; ಕುದಿನೀರು ಹಾಕಿ ಐದು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಕಾಫಿ ತುಂಬುವುದು ಈ ಕಾರಣಕ್ಕೆ. ಕುಡಿಯುವಷ್ಟೇ ಹಿಡಿಸುವ ಚಿಕ್ಕದನ್ನು ಕತ್ತಿನವರೆಗೆ ತುಂಬುವುದು ಸರಿಯಾದ ಕ್ರಮ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು: ಬೆಂಗಳೂರಿನಲ್ಲಿ ಮಗ್ ಏಕೆ ಬೇಕು? 1980ರ ದಶಕದಲ್ಲಿ ಹುಟ್ಟಿದ ದರ್ಶಿನಿಗಳು ಇಂದು ಮೂಲೆಮೂಲೆಯಲ್ಲಿವೆ; ನಿಂತು ಸ್ಟೀಲ್ ಲೋಟದಲ್ಲಿ ಕುಡಿಯುವ ನೊರೆಕಾಫಿಗೆ ಯಾವ ಮಗ್ ಸಾಟಿ? ರುಚಿಯ ಮಾತಿನಲ್ಲಿ ಇದಕ್ಕೆ ಎದುರುತ್ತರವಿಲ್ಲ. ಬಿಸಿಯಲ್ಲೇ ಹೊತ್ತು ಕಳೆದ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲಗಳು ಒಡೆದು ಕ್ವಿನಿಕ್ ಆಮ್ಲ ಹೆಚ್ಚುತ್ತದೆ, ಹುಳಿ ಒಗರು ಏರುತ್ತದೆ, ಪರಿಮಳ ಇಳಿಯುತ್ತದೆ. ಅದನ್ನು ತಡೆಯುವ ಮಗ್ ಇಲ್ಲ. ಆದರೆ ಹೊರಡುವ ಗಡಿಬಿಡಿಯಲ್ಲಿ ಕುಡಿಯಲಾಗದವರಿಗೂ, ದರ್ಶಿನಿಯ ಬಾಗಿಲು ತೆರೆಯುವ ಮುಂಚೆ ಮನೆ ಬಿಡುವ ಶಿಫ್ಟ್ ಕೆಲಸದವರಿಗೂ ಮನೆಯ ಕಾಫಿಯ ಎದುರು ನಿಲ್ಲುವುದು ದರ್ಶಿನಿಯ ಲೋಟವಲ್ಲ, ಕಾಗದದ ಕಪ್ಪು. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಇಂಥ ಕಪ್ಪಿನಲ್ಲಿ 100 ಮಿ.ಲೀ. ಬಿಸಿ ದ್ರವ 15 ನಿಮಿಷ ಇದ್ದರೆ ಒಳಪದರದಿಂದ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. ಪ್ಲಾಸ್ಟಿಕ್ ಲೋಟವನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದರೂ, ಪ್ಲಾಸ್ಟಿಕ್ ಪದರದ ಕಾಗದದ ಕಪ್ಪು ಚಹಾ ಅಂಗಡಿಗಳಲ್ಲಿ ಮೆರೆಯುತ್ತಲೇ ಇದೆ. ಮಗ್‌ನ ಮುಚ್ಚಳವೂ ಪ್ಲಾಸ್ಟಿಕ್ಕೇ ಅಲ್ಲವೇ ಎಂದರೆ, ಹೌದು. ಅದಕ್ಕಾಗಿಯೇ ಕಾಫಿ ತಾಗುವ ಒಳಭಾಗ ಸ್ಟೀಲಿನದಾಗಿರುವ ಅಥವಾ ಬಿಸಿ ತಡೆಯುವ ಪಾಲಿಪ್ರೊಪಿಲೀನಿನದಾಗಿರುವ ಮುಚ್ಚಳ ಆರಿಸಬೇಕು. ಇನ್ನು, ಚೀಲದಲ್ಲಿ ಮಗ್ ಇದ್ದರೆ ದರ್ಶಿನಿಯವರಿಗೆ ಅದರಲ್ಲೇ ಸುರಿದುಕೊಡಿ ಎನ್ನಲು ಅಡ್ಡಿಯೇನೂ ಇಲ್ಲ.

ಹೀಗೆ ನೋಡಿದರೆ ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಸರಳ. ಮುಚ್ಚಳ ಬಿಚ್ಚಿ, ಅದರ ಭಾಗಗಳನ್ನು ಬೇರೆ ಮಾಡಿ, ಮತ್ತೆ ಜೋಡಿಸಿ ನೋಡಿ. ಅಂಗಡಿಯ ಬಿಡುವಿನಲ್ಲಿ ಬಾರದ್ದು ಸೋಮವಾರ ಬೆಳಗಿನ ಅವಸರದಲ್ಲಿ ಬರುವುದಿಲ್ಲ. ರಿಂಗು ಉಗುರಿಗೆ ಸಿಗುತ್ತದೆಯೇ, ಒಳಗೆ ಬೆರಳೋ ಬ್ರಷ್ಷೋ ಹೋಗದ ಮೂಲೆ ಇದೆಯೇ ನೋಡಿ. ನೀರು ತುಂಬಿಸಿ ತಲೆಕೆಳಗೆ ಮಾಡಿ ಕುಲುಕಿ. ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ಇದನ್ನೇ ಇನ್ನೊಮ್ಮೆ ಮಾಡಿ, ಏಕೆಂದರೆ ತಣ್ಣೀರನ್ನು ತಡೆದ ಮುಚ್ಚಳ ಹಬೆಯ ಒತ್ತಡವನ್ನೂ ತಡೆಯುತ್ತದೆ ಎಂದೇನಿಲ್ಲ. ಕೊನೆಯದಾಗಿ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಈ ಮುಚ್ಚಳದ ರಿಂಗು ಬೇರೆಯಾಗಿ ಸಿಗುತ್ತದೆಯೇ? ಉಕ್ಕಿನ ಗೋಡೆ ಹತ್ತು ವರ್ಷ ಬಾಳುತ್ತದೆ, ಸಿಲಿಕೋನ್ ರಿಂಗು ಅದಕ್ಕಿಂತ ಬಹಳ ಮುಂಚೆ ಸಡಿಲವಾಗುತ್ತದೆ. ಕೆಲವೇ ರೂಪಾಯಿಯ ರಿಂಗು ಸಿಗದೆ ಗಟ್ಟಿಮುಟ್ಟಾದ ಪಾತ್ರೆಯನ್ನು ಗುಜರಿಗೆ ಹಾಕಿದರೆ ಪರಿಸರದ ಹೆಸರಿನಲ್ಲಿ ಮಗ್ ಕೊಂಡದ್ದಕ್ಕೆ ಅರ್ಥವಿರುವುದಿಲ್ಲ. ತಯಾರಕರು ಗಂಟೆಗಳ ಜಂಬ ಬಿಟ್ಟು ಆರು ಗಂಟೆಯ ನಂತರದ ಡಿಗ್ರಿಯನ್ನು ಮುದ್ರಿಸಲಿ, ರಿಂಗು ಮುಚ್ಚಳಗಳನ್ನು ಬಿಡಿಯಾಗಿ ಮಾರಲಿ ಎಂದು ಗ್ರಾಹಕರು ಒತ್ತಾಯಿಸುವ ಕಾಲ ಬಂದಿದೆ. ಅಲ್ಲಿಯವರೆಗೆ, ಬಿಡಿ ರಿಂಗು ಸಿಗುವ ಸಾದಾ ಫ್ಲಾಸ್ಕನ್ನು ಅದು ಸಿಗದ ದುಬಾರಿ ಮಗ್‌ಗಿಂತ ಮೇಲೆಂದು ಎಣಿಸುವುದೇ ಜಾಣ ವ್ಯಾಪಾರ.